ಗಡಿಯಾಚೆಯ ಅಚ್ಚುಕೂಟ

ಇಂದಿರಾಪುರಂನಲ್ಲಿರುವ ನಮಗೆ ಗಡಿ ಎಂದರೆ ದಿನನಿತ್ಯದ ಮಾತು. ಮನೆ ಉತ್ತರ ಪ್ರದೇಶದಲ್ಲಿ. ಗಾಜಿಪುರ ದಾಟಿದರೆ ದೆಹಲಿ. ಅಲ್ಲಿ ಸರ್ಕಾರ ಬೇರೆ, ಪೊಲೀಸರು ಬೇರೆ, ನಿಯಮ ಬೇರೆ. 2020ರ ಲಾಕ್‌ಡೌನ್‌ನಲ್ಲಿ ಗಾಜಿಯಾಬಾದ್ ಆಡಳಿತ ಈ ಗಡಿಯನ್ನೇ ಮುಚ್ಚಿದಾಗ ವಾಟ್ಸಾಪ್ ಗುಂಪುಗಳಲ್ಲಿ ಗಂಟೆಗೊಂದು ಸುದ್ದಿ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. 'ನಾಳೆ ಗಡಿ ತೆರೆಯುತ್ತದೆ' ಎಂಬುದೊಂದನ್ನು ನಾನೂ ಫಾರ್ವರ್ಡ್ ಮಾಡಿದ್ದೆ. ಅದನ್ನು ನಂಬಿ ನನ್ನ ತಂಡದ ಹುಡುಗನೊಬ್ಬ ಸಾಮಾನು ಕಟ್ಟಿಕೊಂಡು ಹೋಗಿ, ಬ್ಯಾರಿಕೇಡಿನಿಂದ ವಾಪಸಾದ.

ಎಚ್.ಎಸ್. ದೊರೆಸ್ವಾಮಿಯವರ 'ಪೌರವಾಣಿ' ನೆನಪಾದದ್ದು ಆಗ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿದ್ದರೂ ಅಧಿಕಾರ ಮಾತ್ರ ಮಹಾರಾಜರು ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ ಉಳಿಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರಿನಲ್ಲಿ ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ 'ಮೈಸೂರು ಚಲೋ' ಶುರುವಾಯಿತು. ಬಂಧನಗಳಾದವು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಮೈಸೂರಿನಲ್ಲಿ ಗುಂಡೇಟಿಗೆ ರಾಮಸ್ವಾಮಿ ಎಂಬ ವಿದ್ಯಾರ್ಥಿ ಬಲಿಯಾದ. ಇಂದಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು.

1942ರ ಚಳವಳಿಯಲ್ಲಿ ಭೂಗತವಾಗಿ ದುಡಿದು ಹದಿನಾಲ್ಕು ತಿಂಗಳು ಜೈಲು ಕಂಡಿದ್ದ ದೊರೆಸ್ವಾಮಿಯವರು ಪೌರವಾಣಿಯ ಮುದ್ರಣವನ್ನು ಹಿಂದೂಪುರಕ್ಕೆ ಸಾಗಿಸಿದರು. ಬೆಂಗಳೂರಿಂದ ರೈಲು ಹತ್ತಿ ಗೌರಿಬಿದನೂರು ದಾಟಿದರೆ ಸಿಗುವ ಊರು ಅದು. ಆಗ ಅದು ಮದರಾಸು ಪ್ರಾಂತ್ಯದ್ದು, ಅಲ್ಲಿ ಕಾಂಗ್ರೆಸ್ ಸರ್ಕಾರ. ದಿವಾನರ ಆಜ್ಞೆ ಗಡಿಯ ಈಚೆಗೇ ಮುಗಿಯುತ್ತಿತ್ತು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ರೆಡ್ಡಿಯವರ ಮಂತ್ರಿಮಂಡಲ ಬಂತು.

ಎಲ್ಲರಿಗೂ ಹಿಂದೂಪುರ ಸಿಗುವುದಿಲ್ಲ. ಅದೇ ವರ್ಷಗಳಲ್ಲಿ ಪಶ್ಚಿಮ ಉಕ್ರೇನಿನಲ್ಲಿ ಸೋವಿಯತ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರು ನೆಲದಡಿಯ ಅಡಗುತಾಣಗಳಲ್ಲಿ ಕರಪತ್ರ ಅಚ್ಚು ಮಾಡುತ್ತಿದ್ದರು. ಅವರಿಗಾಗಿ ಮರದ ಅಚ್ಚುಗಳಲ್ಲಿ ಚಿತ್ರ ಕೊರೆಯುತ್ತಿದ್ದ ನಿಲ್ ಖಸೆವಿಚ್ ಒಂಟಿಕಾಲಿನ ಕಲಾವಿದ. 1952ರಲ್ಲಿ ಅಂಥದೇ ಅಡಗುತಾಣದಲ್ಲಿ ಸತ್ತ. ಆದರೆ ಅದೇ ಬಂಡುಕೋರ ಸೇನೆ 1943ರಲ್ಲಿ ವೊಲಿನ್ ಪ್ರದೇಶದಲ್ಲಿ ಪೋಲಿಷ್ ಹಳ್ಳಿಗರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದಿತ್ತು. ಪ್ರಾಣ ಪಣಕ್ಕಿಟ್ಟು ಅಚ್ಚು ಹಾಕಿದ ಮಾತ್ರಕ್ಕೆ ಹಾಕಿದ್ದೆಲ್ಲ ಸತ್ಯವಾಗುವುದಿಲ್ಲ. ಭೂಗತ ಕರಪತ್ರವನ್ನು ಓದುವವನಿಗೆ ತಿರುಗಿ ಪ್ರಶ್ನೆ ಕೇಳಲು ಯಾರೂ ಸಿಗುವುದಿಲ್ಲ.

ಪೌರವಾಣಿಯ ವಿಷಯದಲ್ಲಿ ನನಗೆ ಹಿಡಿಸುವುದು ಇದೇ. ಅಚ್ಚುಕೂಟ ಗಡಿಯಾಚೆ ಹೋಯಿತು, ಸಂಪಾದಕರು ಯಾರೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ತುರ್ತು ಪರಿಸ್ಥಿತಿಯಲ್ಲೂ ದೊರೆಸ್ವಾಮಿಯವರು ಇಂದಿರಾ ಗಾಂಧಿಯವರಿಗೆ ನೇರವಾಗಿ ಪತ್ರ ಬರೆದು, ನಾಲ್ಕು ತಿಂಗಳು ಜೈಲಿನಲ್ಲಿದ್ದರು. 2021ರ ಮೇ ತಿಂಗಳಲ್ಲಿ, 103ರ ವಯಸ್ಸಿನಲ್ಲಿ ತೀರಿಕೊಂಡರು.

ಆ ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಪರವಾಗಿಲ್ಲ ಸರ್, ನೀವೂ ಯಾರೋ ಕಳಿಸಿದ್ದನ್ನೇ ಅಲ್ವಾ ಕಳಿಸಿದ್ದು" ಎಂದ. ಅವನು ಸಮಾಧಾನಕ್ಕೆ ಹೇಳಿದ್ದು. ನನಗೆ ಚುಚ್ಚಿದ್ದೂ ಅದೇ. ಈಗ ಏನನ್ನಾದರೂ ಕಳಿಸುವ ಮುನ್ನ, ಇದರ ಕೆಳಗೆ ನನ್ನ ಹೆಸರು ಹಾಕಬಲ್ಲೆನೇ ಎಂದು ಕೇಳಿಕೊಳ್ಳುತ್ತೇನೆ. ಬಹಳಷ್ಟು ಸಲ ಕಳಿಸದೇ ಫೋನ್ ಕೆಳಗಿಡುತ್ತೇನೆ.