ಸೇವಾಮುಕ್ತಿಯ ಮಾತು: 1946ರ ನಾವಿಕ ಬಂಡಾಯ ಮತ್ತು ಕಳಂಕ ನಿವಾರಣೆಯ ಪ್ರಶ್ನೆ

ವೀರಗಲ್ಲು ಮಡಿದವನ ಸ್ಮಾರಕ. ಕಾಳಗದಲ್ಲಿ ಬಿದ್ದವನ ಮಾನ ಕಲ್ಲಿನಲ್ಲಿ ನಿಲ್ಲುತ್ತದೆ. ಅವನನ್ನು ಸುರಾಂಗನೆಯರು ಕೊಂಡೊಯ್ಯುತ್ತಾರೆ, ಊರವರು ಪೂಜಿಸುತ್ತಾರೆ. ಆದರೆ ಒಡೆಯನಿಂದ ಹೊರದೂಡಲ್ಪಟ್ಟು ಬದುಕಿ ಉಳಿದ ಯೋಧನ ಗತಿ ಏನು? ಮಾನ ಮರಳಿ ಕೊಡಿರೆಂದು ಅವನು ಯಾರ ಬಳಿ ಬಿನ್ನವಿಸಬೇಕು? ನಮ್ಮ ಮಧ್ಯಕಾಲೀನ ಸಾಹಿತ್ಯ ಮತ್ತು ಶಾಸನಗಳು ಈ ಪ್ರಶ್ನೆಯನ್ನು ಹೆಚ್ಚಾಗಿ ಎತ್ತುವುದಿಲ್ಲ. ಆಧುನಿಕ ಕಾಲದಲ್ಲಿ ಅದು ಪಿಂಚಣಿ, ಉದ್ಯೋಗ ಹಾಗೂ ಕುಲಗೌರವಗಳಿಗೆ ಸಂಬಂಧಿಸಿದ ಪ್ರಶ್ನೆಯಾಗಿದೆ. ಮುಂಬಯಿ ಮತ್ತು ಠಾಣೆ ಪರಿಸರದಲ್ಲಿ 1946ರ ಫೆಬ್ರವರಿಯಲ್ಲಿ ನಡೆದ ರಾಯಲ್ ಇಂಡಿಯನ್ ನೇವಿಯ ಬಂಡಾಯವನ್ನು ಆಧರಿಸಿ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಈ ಪರಿಸರಕ್ಕೂ ನೌಕಾಯುದ್ಧದ ನೆನಪಿಗೂ ಹಳೆಯ ನಂಟಿದೆ. ಉತ್ತರ ಕೊಂಕಣದ ಶಿಲಾಹಾರರು ಠಾಣೆಯನ್ನು, ಅಂದರೆ ಶಾಸನಗಳ ಸ್ಥಾನಕವನ್ನು, ರಾಜಧಾನಿಯಾಗಿ ಹೊಂದಿದ್ದರು. ಮೊದಲಿಗೆ ಅವರು ರಾಷ್ಟ್ರಕೂಟರ ಸಾಮಂತರಾಗಿದ್ದವರು. ಇಂದು ಬೋರಿವಲಿಗೆ ಸೇರಿರುವ ಎಕ್ಸಾರ್ ಗ್ರಾಮದ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ಹಡಗುಗಳ ಸಾಲುಗಳು, ಸಮುದ್ರದ ಮೇಲಿನ ಕಾಳಗ ಕೆತ್ತಲ್ಪಟ್ಟಿವೆ. ಹಲವು ವಿದ್ವಾಂಸರು ಇವನ್ನು ಹದಿಮೂರನೆಯ ಶತಮಾನದಲ್ಲಿ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವರಿಗೂ ನಡೆದ ಹೋರಾಟದೊಂದಿಗೆ ಜೋಡಿಸಿದ್ದಾರೆ. ಕಡಲಲ್ಲಿ ಕಾದಿ ಸತ್ತವರಿಗೆ ಈ ನೆಲ ಕಲ್ಲು ನಿಲ್ಲಿಸಿದೆ.

ಕನ್ನಡ ಶಾಸನಗಳು ಯೋಧನ ನಿಷ್ಠೆಗೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಪರಿಭಾಷೆಗಳನ್ನು ಬಳಸುತ್ತವೆ. ಇವುಗಳಲ್ಲಿ ಜೋಳವಾಳಿಯು ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ಒಡೆಯನ ಜೋಳವನ್ನು ಉಂಡವನು ಆ ಋಣಕ್ಕೆ ಪ್ರಾಣವನ್ನು ಒಪ್ಪಿಸಬೇಕೆಂಬುದು ಅದರ ತಿರುಳು. ಪಂಪನ ಕರ್ಣನ ದುರಂತದಲ್ಲಿಯೂ ಈ ಋಣದ ಭಾರವಿದೆ. ಆದರೆ ಪಾಳಿ ಎಂದರೆ ಕ್ರಮ, ಕಟ್ಟಳೆ. ಕಟ್ಟಳೆಗೆ ಎರಡು ಕೈಗಳಿರುತ್ತವೆ. ಒಡೆಯನು ಜೋಳವನ್ನು ಸರಿಯಾಗಿ ಅಳೆಯದಿದ್ದರೆ ಋಣ ಎಲ್ಲಿ ಉಳಿಯಿತು? ಈ ಎರಡನೆಯ ಕೈಯನ್ನು ಕುರಿತ ಪ್ರಶ್ನೆಯನ್ನು 1946ರ ನಾವಿಕರು ಕೇಳಿದರು.

2

1946ರ ಫೆಬ್ರವರಿ 18ರಂದು ಮುಂಬಯಿಯ ಕೊಲಾಬಾದಲ್ಲಿದ್ದ ಸಂಕೇತ ತರಬೇತಿ ಕೇಂದ್ರ 'ತಲವಾರ್'ನ ನಾವಿಕರು ಊಟವನ್ನು ನಿರಾಕರಿಸಿ ಕೆಲಸಕ್ಕೆ ಹಾಜರಾಗಲಿಲ್ಲ. ಕಳಪೆ ಆಹಾರ, ಬಿಳಿಯ ನಾವಿಕರಿಗಿಂತ ಕಡಿಮೆ ವೇತನ, ಕಮಾಂಡರ್ ಕಿಂಗ್ ಆಡಿದ್ದ ಅವಮಾನದ ಮಾತುಗಳು ತಕ್ಷಣದ ಕಾರಣಗಳಾಗಿದ್ದವು. ಗೋಡೆಗಳ ಮೇಲೆ ರಾಜಕೀಯ ಘೋಷಣೆಗಳನ್ನು ಬರೆದ ಪ್ರಕರಣದಲ್ಲಿ ಬಲಾಯ್ ಚಂದ್ರ ದತ್ತ್ ಅವರನ್ನು ಅದೇ ತಿಂಗಳ ಆರಂಭದಲ್ಲಿ ಬಂಧಿಸಲಾಗಿತ್ತು. 19ರಂದು ಎಂ. ಎಸ್. ಖಾನ್ ಅಧ್ಯಕ್ಷರಾಗಿಯೂ ಮದನ್ ಸಿಂಗ್ ಉಪಾಧ್ಯಕ್ಷರಾಗಿಯೂ ಕೇಂದ್ರ ಮುಷ್ಕರ ಸಮಿತಿ ರೂಪುಗೊಂಡಿತು. ಬಂಡಾಯವು 78 ಹಡಗುಗಳಿಗೂ 20 ತೀರನೆಲೆಗಳಿಗೂ ಹರಡಿ ಸುಮಾರು 20,000 ನಾವಿಕರನ್ನು ಒಳಗೊಂಡಿತು. ಠಾಣೆಯ ಸಮೀಪದ ಕೋಲ್ಶೇತ್‌ನಲ್ಲಿದ್ದ 'ಅಕ್ಬರ್' ನೆಲೆಯೂ ಅವುಗಳಲ್ಲಿ ಒಂದು.

ಬೇಡಿಕೆಗಳ ಪಟ್ಟಿಯನ್ನು ಗಮನಿಸಬೇಕು. ಆಜಾದ್ ಹಿಂದ್ ಫೌಜಿನ ಸೆರೆಯಾಳುಗಳ ಬಿಡುಗಡೆ, ಇಂಡೋನೇಷ್ಯಾದಿಂದ ಭಾರತೀಯ ಪಡೆಗಳ ವಾಪಸಾತಿ ಎಂಬ ರಾಜಕೀಯ ಬೇಡಿಕೆಗಳ ಜೊತೆಗೆ, ಸೇವೆಯಿಂದ ಶೀಘ್ರವಾಗಿ ಬಿಡುಗಡೆ, ಬಿಡುಗಡೆಯ ನಂತರ ಯೋಗ್ಯ ಉದ್ಯೋಗ, ಉತ್ತಮ ಗ್ರಾಚ್ಯುಟಿ ಎಂಬ ಬೇಡಿಕೆಗಳೂ ಇದ್ದವು. ಯುದ್ಧ ಮುಗಿದಿತ್ತು. ಸಾವಿರಾರು ಯುವಕರು ಊರಿಗೆ ಮರಳುವ ಹೊತ್ತಿನಲ್ಲಿ ಕೈಯಲ್ಲಿರುವ ಸೇವಾಪತ್ರವೇ ಮುಂದಿನ ಜೀವನದ ಬಂಡವಾಳ. ಒಳ್ಳೆಯ ಬಿಡುಗಡೆಯನ್ನು ಕೇಳಿದವರಿಗೆ ಕೊನೆಗೆ ದೊರೆತದ್ದು ಕೆಟ್ಟ ಬಿಡುಗಡೆ ಎಂಬುದು ಈ ಚರಿತ್ರೆಯ ಕಹಿ ಸಂಗತಿ.

21ರಂದು ಕ್ಯಾಸಲ್ ಬ್ಯಾರಕ್ಸ್ ಬಳಿ ಗುಂಡಿನ ಕಾಳಗವಾಯಿತು. 22ರಂದು ನಗರ ಸ್ತಬ್ಧವಾಯಿತು. ಬೀದಿಗಳಲ್ಲಿ ಸತ್ತವರ ಸಂಖ್ಯೆ 200ನ್ನು ಮೀರಿತು. ಯಾರನ್ನೂ ಸೇಡಿಗೆ ಗುರಿಮಾಡದಂತೆ ನೋಡಿಕೊಳ್ಳುವ ಭರವಸೆ ಸರ್ದಾರ್ ಪಟೇಲರ ಮೂಲಕ ಬಂದ ಮೇಲೆ, 23ರ ಬೆಳಗ್ಗೆ ನಾವಿಕರು ಶರಣಾದರು. ಭರವಸೆ ಉಳಿಯಲಿಲ್ಲ. ನಾವಿಕರನ್ನು ಬಂಧಿಸಿ, ಠಾಣೆಯ ಗಡಿಗೆ ತಾಗಿರುವ ಮುಲುಂದ್‌ನಂತಹ ಶಿಬಿರಗಳಲ್ಲಿ ಇರಿಸಲಾಯಿತು. ಪಾಟ್ನಾ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಸರ್ ಸೈಯದ್ ಫಜಲ್ ಅಲಿ ಅವರ ಅಧ್ಯಕ್ಷತೆಯ ಆಯೋಗ ವಿಚಾರಣೆ ನಡೆಸಿತು. ಒಟ್ಟು 476 ನಾವಿಕರು ಸೇವೆಯಿಂದ ಹೊರಗಾದರು. ಸ್ವಾತಂತ್ರ್ಯ ಬಂದ ಮೇಲೆಯೂ ಅವರನ್ನು ನೌಕಾಪಡೆಗೆ ಮರಳಿ ಸೇರಿಸಿಕೊಳ್ಳಲಿಲ್ಲ.

3

ಇಲ್ಲಿ ಒಂದು ಪದವನ್ನು ನೋಡುವುದು ಉಚಿತ. ನಾವು ಬಳಸುವ 'ವಜಾ' ಅರಬ್ಬೀ ಮೂಲದ್ದು. ಲೆಕ್ಕದ ಬರಹದಲ್ಲಿ ಅದರ ಅರ್ಥ ಕಳೆಯುವುದು. ವೇತನದಿಂದ ವಜಾ, ಕಂದಾಯದಲ್ಲಿ ವಜಾ ಎಂಬ ಪ್ರಯೋಗಗಳು ನಮಗೆ ಪರಿಚಿತವೇ. ಮನುಷ್ಯನನ್ನು ವಜಾ ಮಾಡುವುದೆಂದರೆ ಅವನನ್ನು ಲೆಕ್ಕದಿಂದ ಕಳೆಯುವುದು. ಸೇವಾಮುಕ್ತಿ ಎಂಬ ಮಾತಿನಲ್ಲಿ ಮುಕ್ತಿಯಿದೆ, ವಜಾ ಎಂಬುದರಲ್ಲಿ ವ್ಯವಕಲನವಿದೆ. ಸೈನ್ಯದ ಕಾನೂನೂ ಇವೆರಡನ್ನು ಬೇರ್ಪಡಿಸುತ್ತದೆ. 1961ರ ಭೂಸೇನಾ ಪಿಂಚಣಿ ನಿಯಮಾವಳಿಯ 113ನೆಯ ನಿಯಮದಂತೆ ವಜಾಗೊಂಡವನಿಗೆ ಸಾಮಾನ್ಯವಾಗಿ ಪಿಂಚಣಿಯಿಲ್ಲ, ಅಸಾಧಾರಣ ಸಂದರ್ಭದಲ್ಲಿ ರಾಷ್ಟ್ರಪತಿಗಳ ವಿವೇಚನೆಯಿಂದ ಮಾತ್ರ ದೊರೆಯಬಹುದು. ಸೇವಾಮುಕ್ತನಾದವನಿಗೆ ಹಕ್ಕು ಉಳಿಯುತ್ತದೆ. 1957ರ ನೌಕಾ ಕಾಯಿದೆಯು ವಜಾ ಮತ್ತು ಅವಮಾನ ಸಹಿತ ವಜಾ ಎಂದು ಎರಡು ಮೆಟ್ಟಿಲುಗಳನ್ನೇ ಮಾಡಿದೆ. 1950ರ ಭೂಸೇನಾ ಕಾಯಿದೆಯ 23ನೆಯ ಕಲಮು ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾದುದು. ಸೇವೆ ಮುಗಿದ ಸೈನಿಕನಿಗೆ ಅದಕ್ಕೆ ಕಾರಣವನ್ನೂ ಸೇವೆಯ ಅವಧಿಯನ್ನೂ ತಿಳಿಸುವ ಪತ್ರವನ್ನು ಇಂಗ್ಲಿಷಿನಲ್ಲಿಯೂ ಅವನ ಮಾತೃಭಾಷೆಯಲ್ಲಿಯೂ ಕೊಡಬೇಕೆಂದು ಅದು ವಿಧಿಸುತ್ತದೆ. ಎಂದರೆ ಮಾನವೋ ಕಳಂಕವೋ, ಕನ್ನಡಿಗನಿಗೆ ಅದು ಕನ್ನಡದಲ್ಲಿಯೇ ತಿಳಿಯಬೇಕು.

4

ಕಳಂಕವನ್ನು ತೊಡೆಯಲು ಸ್ವತಂತ್ರ ಭಾರತ ಎರಡು ದಾರಿಗಳನ್ನು ಹಿಡಿಯಿತು. ಮೊದಲನೆಯದು ಮಾತನ್ನೇ ತಿದ್ದುವ ದಾರಿ. ಆಜಾದ್ ಹಿಂದ್ ಫೌಜಿನವರ ವಿಷಯದಲ್ಲಿ 1948ರಲ್ಲಿ ಸರ್ಕಾರವು ಅವರ ವಜಾದ ಕಳಂಕವನ್ನು ನಿವಾರಿಸಿ ಅವರನ್ನು ಸೇವಾಮುಕ್ತರೆಂದು ಪರಿಗಣಿಸಲು ತೀರ್ಮಾನಿಸಿತು. ಆದರೆ ಸೇನೆಗೆ ಮರಳಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಮಾತು ಬದಲಾಯಿತು, ಸ್ಥಾನ ಬದಲಾಗಲಿಲ್ಲ.

ಎರಡನೆಯದು ಮಾತನ್ನು ಹಾಗೆಯೇ ಬಿಟ್ಟು ಅದರ ಬೆಲೆಯನ್ನು ತಿರುಗಿಸುವ ದಾರಿ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಅಂಗವಾಗಿ 1972ರ ಆಗಸ್ಟ್ 15ರಂದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ಜಾರಿಗೆ ಬಂದಿತು. 1980ರಲ್ಲಿ ವಾರ್ಷಿಕ ಆದಾಯದ ಮಿತಿಯನ್ನು ತೆಗೆದು ಅದನ್ನು ಗೌರವ ಪಿಂಚಣಿಯಾಗಿ ವಿಸ್ತರಿಸಲಾಯಿತು. 1946ರ ನಾವಿಕ ಬಂಡಾಯವು ಅದರಲ್ಲಿ ಮಾನ್ಯತೆ ಪಡೆದ ಹೋರಾಟಗಳಲ್ಲಿ ಒಂದು. ಸೆರೆವಾಸದಂತೆಯೇ, ಹೋರಾಟದಲ್ಲಿ ಭಾಗಿಯಾದ ಕಾರಣಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡುದೂ ಯೋಜನೆಯ ಅರ್ಹತೆಗಳಲ್ಲಿ ಸೇರಿತು. ಅದಕ್ಕೆ ದಾಖಲೆ ಬೇಕು, ಆ ದಾಖಲೆ ಕೆಲಸದಿಂದ ತೆಗೆದ ಆದೇಶವೇ. ಹಿಂದೆ ಉದ್ಯೋಗ ಕೇಳಲು ಹೋದಾಗ ಮರೆಮಾಡಬೇಕಾಗಿದ್ದ ಕಾಗದವನ್ನು ಈಗ ಪಿಂಚಣಿಗಾಗಿ ತೆರೆದು ತೋರಿಸಬೇಕಾಯಿತು. ಅದನ್ನು ತಿದ್ದಿಸಿಕೊಂಡರೆ ಸಾಕ್ಷ್ಯವೇ ದುರ್ಬಲವಾಗುತ್ತದೆ, ತಿದ್ದಿಸಿಕೊಳ್ಳದಿದ್ದರೆ ಕಳಂಕ ಕಡತದಲ್ಲಿ ಉಳಿಯುತ್ತದೆ. ಗೃಹ ಇಲಾಖೆಯ ಯೋಜನೆ ಅವನನ್ನು ದೇಶಭಕ್ತನೆಂದಿತು, ಪಡೆಯ ಹಳೆಯ ಕಡತ ಅವನನ್ನು ದಂಗೆಕೋರನೆಂದಿತು. ನಾವಿಕ ಬಂಡಾಯದ ಮಾನ್ಯತೆಯನ್ನು ಕುರಿತ ಚರ್ಚೆಗಳಲ್ಲಿ ಈ ಇಕ್ಕಟ್ಟು ಸಾಕಷ್ಟು ಗಮನ ಪಡೆದಿಲ್ಲವೆಂದು ನಮಗೆ ತೋರುತ್ತದೆ.

ನೌಕಾಪಡೆಯ ನಿಲುವೂ ಕ್ರಮೇಣ ಮೃದುವಾಯಿತು. ಕೊಲಾಬಾದಲ್ಲಿ ಬಂಡಾಯದ ಸ್ಮಾರಕ ನಿಂತಿತು. 2022ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೌಕಾಪಡೆಯ ಸ್ತಬ್ಧಚಿತ್ರ 1946ರ ಘಟನೆಯನ್ನು ಬಿಂಬಿಸಿತು. ಎಕ್ಸಾರದ ಕಲ್ಲಿನಂತೆ ಇದೂ ಸ್ಮರಣೆಯೇ. ಆದರೆ ಸ್ಮಾರಕವು ಎಲ್ಲರ ಹೆಸರಿನಲ್ಲಿ ನಿಲ್ಲುತ್ತದೆ, ಸೇವಾಪತ್ರ ಒಬ್ಬನ ಹೆಸರಿನಲ್ಲಿರುತ್ತದೆ. ಒಂದು ಇನ್ನೊಂದಕ್ಕೆ ಪರಿಹಾರವಲ್ಲ.

5

ಇತರ ದೇಶಗಳ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಮೆರಿಕವು 1944ರ ಯೋಧರ ಪುನರ್ವಸತಿ ಕಾಯಿದೆಯಲ್ಲಿಯೇ ಸೇವಾಮುಕ್ತಿಯ ಸ್ವರೂಪವನ್ನು ಮರುಪರಿಶೀಲಿಸುವ ಮಂಡಳಿಗಳನ್ನು ಸ್ಥಾಪಿಸಿತು. ಆದರೂ ಅದೇ ವರ್ಷ ಪೋರ್ಟ್ ಚಿಕಾಗೋದಲ್ಲಿ 320 ಜನರನ್ನು ಬಲಿತೆಗೆದುಕೊಂಡ ಸ್ಫೋಟದ ನಂತರ ಮದ್ದುಗುಂಡು ಹೇರಲು ನಿರಾಕರಿಸಿ ಶಿಕ್ಷೆಗೊಳಗಾದ ಕಪ್ಪು ನಾವಿಕರನ್ನು ದೋಷಮುಕ್ತರೆಂದು ಘೋಷಿಸಲು 80 ವರ್ಷ ಬೇಕಾಯಿತು. 2024ರ ಜುಲೈ 17ರಂದು ಆ ಘೋಷಣೆ ಹೊರಬಂದಾಗ ಅದನ್ನು ಕೇಳಲು ಅವರು ಬದುಕಿರಲಿಲ್ಲ.

ಭಾರತದಲ್ಲಿ ಅಂತಹ ಪ್ರತ್ಯೇಕ ಮಂಡಳಿಯಿಲ್ಲ. 2007ರ ಕಾಯಿದೆಯಂತೆ ಸ್ಥಾಪಿತವಾಗಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯು ಈ ಬಗೆಯ ಅರ್ಜಿಗಳನ್ನು ಕೇಳುತ್ತದೆ. ಡೊಂಬಿವಲಿ, ಕಲ್ಯಾಣ ಅಥವಾ ನವಿ ಮುಂಬಯಿಯಲ್ಲಿ ನೆಲಸಿದ ಮಾಜಿ ಸೈನಿಕ ಅದರ ಮುಂಬಯಿ ಪೀಠದ ಮೊರೆಹೋಗಬೇಕು. ಆರು ತಿಂಗಳ ಕಾಲಮಿತಿ ಅಲ್ಲಿನ ಮೊದಲ ತಡೆ. ವಿಳಂಬಕ್ಕೆ ತಕ್ಕ ಕಾರಣ ತೋರಿದರೆ ಅದನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಸೇವಾಪುಸ್ತಕದಲ್ಲಿ ನಾಲ್ಕು ಕೆಂಪು ಶಾಯಿಯ ನಮೂದುಗಳಿವೆ ಎಂಬ ಒಂದೇ ಕಾರಣಕ್ಕೆ, ವಿಚಾರಣೆಯಿಲ್ಲದೆ ಸೈನಿಕನನ್ನು ಹೊರಹಾಕುವಂತಿಲ್ಲವೆಂದು 2015ರ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅವರು ಪಿಂಚಣಿಗೆ ಬೇಕಾದ ಸೇವೆ ಪೂರೈಸುವವರೆಗೆ ಸೇವೆಯಲ್ಲಿಯೇ ಇದ್ದರೆಂದು ಭಾವಿಸಬೇಕೆಂದು ಆದೇಶಿಸಿತು. ಜೋಳವಾಳಿಯ ಎರಡನೆಯ ಕೈಯನ್ನು ನ್ಯಾಯಾಲಯ ಗುರುತಿಸಿದ ನಿದರ್ಶನವೆಂದು ಇದನ್ನು ನಾವು ಓದುತ್ತೇವೆ.

6

ಹೊರನಾಡಿನಲ್ಲಿರುವ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. 1946ರಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪಡೆಗಳಿಂದ ಹೊರಬಂದವರ ಅರ್ಜಿಗಳನ್ನೂ ಪಿಂಚಣಿ ಕಡತಗಳನ್ನೂ ಈ ದೃಷ್ಟಿಯಿಂದ ಹುಡುಕಬೇಕಾಗಿದೆ. ಶಾಸನಗಳ ಬಿನ್ನಪವನ್ನು ನಾವು ಸಾಹಿತ್ಯವಾಗಿ ಓದಿದ್ದೇವೆ. ಸರ್ಕಾರಕ್ಕೆ ಬರೆದ ಅರ್ಜಿಯೂ ಒಂದು ಬಿನ್ನಪವೇ. ಅದರಲ್ಲಿ ಹಣವನ್ನು ಕೇಳುವ ಸಾಲು ಯಾವುದು, ಮಾನವನ್ನು ಕೇಳುವ ಸಾಲು ಯಾವುದು ಎಂದು ಬಿಡಿಸಿ ನೋಡಿದಾಗ, 476 ಎಂಬ ಸಂಖ್ಯೆಯಾಗಿ ಕಳೆದುಹೋದವರು ಮತ್ತೆ ಲೆಕ್ಕಕ್ಕೆ ಬಂದಾರು.