ಮುಖಕ್ಕೆ ಕೊಬ್ಬರಿ ಎಣ್ಣೆ: ಬಳಕೆ ಮತ್ತು ತಯಾರಿಕಾ ಪರವಾನಗಿ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ತೋಟದ ಬೆಳೆಯಾಗಿರುತ್ತದೆ. ಕೊಬ್ಬರಿ ಎಣ್ಣೆಯನ್ನು ಮುಖಕ್ಕೆ ತೆಳುವಾಗಿ ಸವರಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದಲ್ಲಿ ಜಿಡ್ಡು, ಧೂಳು ನಿವಾರಣೆಯಾಗುತ್ತದೆ. ಉಳಿದ ಲೇಪವು ಚರ್ಮದ ತೇವಾಂಶ ಆರದಂತೆ ತಡೆಯುತ್ತದೆ. ಮೊಡವೆಯುಳ್ಳವರಿಗೆ ಇದು ಸೂಕ್ತವಲ್ಲ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯುವುದು. ತುರಿಕೆ ಕಂಡುಬಂದಲ್ಲಿ ಬಳಸಬಾರದು.

ಸ್ವಂತ ಬಳಕೆಗೆ ಪರವಾನಗಿ ಅಗತ್ಯವಿರುವುದಿಲ್ಲ. ಆದರೆ ಮುಖಕ್ಕೆ ಹಚ್ಚುವ ತೈಲವೆಂದು ಮಾರಾಟಕ್ಕಾಗಿ ತಯಾರಿಸುವ ವ್ಯಕ್ತಿ ಅಥವಾ ಸ್ವಸಹಾಯ ಸಂಘವು ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940 ರ ವ್ಯಾಪ್ತಿಗೆ ಒಳಪಡುತ್ತದೆ. ಖಾದ್ಯ ತೈಲದ ಪರವಾನಗಿ ಇದಕ್ಕೆ ಸಾಲದು. ಕಾಂತಿವರ್ಧಕಗಳ ನಿಯಮಗಳು, 2020 ರನ್ವಯ ನಮೂನೆ ಸಿಓಎಸ್-5 ರಲ್ಲಿ ರಾಜ್ಯ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ, ಪರವಾನಗಿ ಪಡೆದ ನಂತರವೇ ತಯಾರಿಕೆಯನ್ನು ಆರಂಭಿಸತಕ್ಕದ್ದು.