ಚಿಟ್ಟಾಣಿಯೋ, ಕೆರೆಮನೆಯೋ?

ಯಕ್ಷಗಾನದ ಇತಿಹಾಸವನ್ನು ಬರೆಯಹೊರಟ ವಿದ್ವಾಂಸರು ತಾಡವೋಲೆಗಳನ್ನು ಶೋಧಿಸಿದ್ದಾರೆ. ಪ್ರಸಂಗಕರ್ತರ ಕಾಲದೇಶಗಳನ್ನು ಕುರಿತು ವಾದ ಮಾಡಿದ್ದಾರೆ. ರಾಗತಾಳಗಳ ಪಟ್ಟಿಯನ್ನೂ ಸಿದ್ಧಪಡಿಸಿದ್ದಾರೆ. ಆಟ ಮುಗಿದು ಬೆಳಗಾದ ಮೇಲೆ ನೋಡಿದವರು ಏನು ಮಾತನಾಡಿಕೊಂಡರೆಂಬುದು ಮಾತ್ರ ಇತಿಹಾಸಕಾರರ ಕಿವಿಗೆ ಅಷ್ಟಾಗಿ ಬಿದ್ದಂತಿಲ್ಲ. ಅದು ಜಗುಲಿಯ ಹರಟೆ, ಕವಳದ ಜೊತೆಗೆ ಉಗುಳಿಬಿಡುವ ಮಾತು ಎಂಬ ತಾತ್ಸಾರ ಇದಕ್ಕೆ ಕಾರಣವಿರಬಹುದು. ಆದರೆ ಸ್ವರ್ಣವಲ್ಲಿಯ ಸೀಮೆಯಲ್ಲಿ, ಎಂದರೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಊರುಗಳಲ್ಲಿ, ಕಳೆದ ಶತಮಾನದ ಕೊನೆಯ ಕೆಲವು ದಶಕಗಳ ಕಾಲ ಎಡೆಬಿಡದೆ ನಡೆದ ಒಂದು ಹರಟೆಯಿದೆ. ಚಿಟ್ಟಾಣಿ ದೊಡ್ಡವರೋ, ಕೆರೆಮನೆಯವರು ದೊಡ್ಡವರೋ ಎಂಬುದು ಅದರ ವಸ್ತು. ಈ ಹರಟೆಯನ್ನು ಬಿಟ್ಟು ಬಡಗುತಿಟ್ಟಿನ ಇತಿಹಾಸವನ್ನು ಬರೆದರೆ ಅದು ಅರ್ಧ ಇತಿಹಾಸವೇ ಸರಿ.

ಈ ವಾದ ಎಲ್ಲಿ ನಡೆಯುತ್ತಿತ್ತೆಂಬುದನ್ನು ಮೊದಲು ಹೇಳಬೇಕು. ಅಡಿಕೆಯ ಕೊನೆ ಕೊಯ್ದ ಮೇಲೆ ರಾತ್ರಿ ಹತ್ತಾರು ಜನ ಸಾಲಾಗಿ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾರೆ. ಅತ್ತ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಆಟದ ಮೇಳಗಳು ತಿರುಗಾಟದಲ್ಲಿರುವ ಕಾಲವೂ ಅದೇ. ಹಿಂದಿನ ರಾತ್ರಿಯ ಆಟವನ್ನು ನೋಡಿ ಬಂದ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದರೂ ಮಾತು ಮಾತ್ರ ಚುರುಕು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಡೇರೆಗಳ ಹೊರಗೆ, 1923ರಲ್ಲಿ ಆರಂಭವಾದ ತೋಟಗಾರರ ಸೊಸೈಟಿಯ ಅಂಗಳದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಅದೇ ಮಾತು. "ಭಾವ, ನಿನ್ನೆ ಬಂದದ್ದು ಕೀಚಕ ಅಲ್ದೋ, ಚಿಟ್ಟಾಣಿಯೇ" ಎಂದು ಒಬ್ಬ ಹೇಳಿದರೆ ಅದು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಅವನ ಧ್ವನಿಯಿಂದಲೇ ತಿಳಿಯಬೇಕು. ಒಂದು ಪಕ್ಷಕ್ಕೆ ಅದು ಪರಮ ಪ್ರಶಂಸೆ. ಇನ್ನೊಂದು ಪಕ್ಷಕ್ಕೆ ಅದೇ ದೋಷಾರೋಪ. ಈ ಸೀಮೆಯಲ್ಲಿ ಹೊಗಳಿಕೆ ದುಬಾರಿ ಪದಾರ್ಥ. ಬಹಳ ಮೆಚ್ಚಿದರೆ "ಅಡ್ಡಿಲ್ಲೆ" ಎನ್ನುತ್ತಾರೆ, ಅಷ್ಟೆ!

ವಾದಕ್ಕೆ ಗುರಿಯಾದ ಎರಡು ಕಡೆಯವರೂ ಘಟ್ಟದ ಕೆಳಗಿನ ಹೊನ್ನಾವರ ತಾಲೂಕಿನವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಮುಂದೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವಕ್ಕೂ ಪಾತ್ರರಾದರು. ಅವರ ಮಗ ಶಂಭು ಹೆಗಡೆಯವರು 1938ರಲ್ಲಿ ಹುಟ್ಟಿದವರು. ಮನೆಯ ವಿದ್ಯೆಯ ಜೊತೆಗೆ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆಯನ್ನೂ ಕಲಿತು ಬಂದರು. 1973ರಲ್ಲಿ ಮೇಳದ ಹೊಣೆ ಹೊತ್ತರು. ಇನ್ನೊಂದು ಕಡೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 1933ರಲ್ಲಿ ಹೊಸಾಕುಳಿಯಲ್ಲಿ ಜನನ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು ಗೆಜ್ಜೆ ಕಟ್ಟಿದವರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಕಾರ್ತವೀರ್ಯ ಮುಂತಾದ ವೇಷಗಳು ಅವರ ಹೆಸರಿಗೇ ಅಂಟಿಕೊಂಡುಬಿಟ್ಟವು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಯಕ್ಷಗಾನದ ವೇಷಧಾರಿಯೊಬ್ಬನಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು.

ಒಬ್ಬರದು ಮನೆತನ, ಇನ್ನೊಬ್ಬರದು ಒಂಟಿ ಸಾಹಸ. ರಸಿಕರ ವಾದಕ್ಕೆ ಬೇಕಾದ ಕಿಚ್ಚು ಇಲ್ಲಿಯೇ ಇತ್ತು. ಚಿಟ್ಟಾಣಿಯ ಪಕ್ಷದವರು ಹೇಳುತ್ತಿದ್ದುದು: ಮೈಯನ್ನು ಬಿಲ್ಲಿನಂತೆ ಬಾಗಿಸುವ ಆ ಬಾಗು, ಆ ಕಣ್ಣಿನ ಹೊರಳು, ಒಂದೇ ಪದ್ಯಕ್ಕೆ ಹತ್ತು ಬಗೆಯ ಹೆಜ್ಜೆ, ಇದೆಲ್ಲ ಯಾವ ಶಾಲೆಯಲ್ಲೂ ಬರುವಂಥದಲ್ಲ. ಎದುರು ಪಕ್ಷದವರು ಕೇಳುತ್ತಿದ್ದುದು: ಹೆಜ್ಜೆ ಸರಿ, ಪಾತ್ರವೆಲ್ಲಿ? ಕುಣಿತ ಮುಗಿಯುವುದು ಯಾವಾಗ, ಕಥೆ ಮುಂದೆ ಹೋಗುವುದು ಯಾವಾಗ? ಶಂಭು ಹೆಗಡೆಯವರ ರಾಮನನ್ನೋ ಹರಿಶ್ಚಂದ್ರನನ್ನೋ ಕರ್ಣನನ್ನೋ ನೋಡಿ ಕಣ್ಣೊರೆಸಿಕೊಂಡವರು ಔಚಿತ್ಯದ ಮಾತೆತ್ತುತ್ತಿದ್ದರು. ಅದಕ್ಕೆ ಉತ್ತರವಾಗಿ, ಅಲ್ಲಿ ಅಳತೆ ಹೆಚ್ಚು, ಹಸಿವು ಕಡಿಮೆ. ಅದು ಪೇಟೆಯವರಿಗಾಗಿ ತಿದ್ದಿದ ಆಟ ಎಂಬ ಕಟಕಿ ಬರುತ್ತಿತ್ತು. ಅದೇ ಮನೆತನದ ಮಹಾಬಲ ಹೆಗಡೆಯವರೇ ಇವರಿಬ್ಬರಿಗಿಂತಲೂ ಮಿಗಿಲೆಂದು ಪಟ್ಟುಹಿಡಿದು ಕೂತ ಮೂರನೆಯ ಪಕ್ಷವೂ ಇತ್ತು. ಸಂಖ್ಯೆಯಲ್ಲಿ ಕಡಿಮೆಯಾದರೂ ವಾದದಲ್ಲಿ ಅವರನ್ನು ಗೆಲ್ಲುವುದು ಕಷ್ಟ.

ಇಷ್ಟಕ್ಕೇ ನಿಂತಿದ್ದರೆ ಇದು ಬರಿಯ ಅಭಿರುಚಿಯ ಜಗಳವಾಗುತ್ತಿತ್ತು. ಮಾತು ಬೇಗನೆ ವ್ಯಕ್ತಿಯ ಕಡೆಗೆ ಹೊರಳುತ್ತಿತ್ತು. ಚೌಕಿಯಲ್ಲಿ ಅವರ ನಡವಳಿಕೆ ಹೇಗೆ? ಎದುರುವೇಷದವನಿಗೆ ಅವಕಾಶ ಕೊಡುತ್ತಾರೆಯೇ, ತಾವೇ ರಂಗವನ್ನೆಲ್ಲ ತುಂಬಿಬಿಡುತ್ತಾರೆಯೇ? ಭಾಗವತರ ಮಾತು ಕೇಳುತ್ತಾರೆಯೇ? ಇವರು ಕುಣಿಯುವುದು ಕಲೆಗೋ, ಹೆಸರಿಗೋ, ಹಣಕ್ಕೋ? ಓದಿದ ಜನ ಇಂಥ ಪ್ರಶ್ನೆಗಳನ್ನು ಕೇಳಿ ಮೂಗು ಮುರಿಯುವುದುಂಟು. ಕೃತಿಯನ್ನು ನೋಡಿ, ಕರ್ತೃವನ್ನಲ್ಲ ಎಂದು ನಾವೂ ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಕಾವ್ಯಕ್ಕೆ ಅದು ಸಲ್ಲುವ ಮಾತು. ಬಯಲಾಟಕ್ಕೆ ಸಲ್ಲುವುದೇ ಎಂಬುದರಲ್ಲಿ ನನಗೆ ಸಂಶಯವಿದೆ.

ಏಕೆಂದರೆ ಯಕ್ಷಗಾನದಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲ. ಪ್ರಸಂಗದಲ್ಲಿರುವುದು ಪದ್ಯ ಮಾತ್ರ. ಅರ್ಥ ಆ ಕ್ಷಣದಲ್ಲಿ ಹುಟ್ಟಬೇಕು. ನಾಟಕದವರಂತೆ ತಿಂಗಳುಗಟ್ಟಲೆ ತಾಲೀಮು ನಡೆಸುವ ರೂಢಿ ತಿರುಗಾಟದ ಮೇಳಗಳಲ್ಲಿರಲಿಲ್ಲ. ಸಂಜೆ ಬಂದು ಬಣ್ಣ ಹಚ್ಚಿಕೊಂಡು, ಯಾರು ಯಾವ ವೇಷವೆಂದು ತಿಳಿದು, ರಂಗಕ್ಕೆ ಹೋಗುವುದು. ರಂಗದ ಮೇಲೆ ಒಬ್ಬ ಪದ್ಯವನ್ನು ಇನ್ನೆರಡು ಸಲ ಎತ್ತಿಸಿಕೊಂಡರೆ ಎದುರಿನವನು ಅಷ್ಟು ಹೊತ್ತು ನಿಂತಿರಬೇಕು. ಒಬ್ಬ ಮಾತನ್ನು ಅಡ್ಡದಾರಿಗೆ ಎಳೆದರೆ ಇನ್ನೊಬ್ಬ ಅದನ್ನು ಕಥೆಯ ದಾರಿಗೆ ತರಬೇಕು. ಭಾಗವತನು ಮೊದಲ ವೇಷಧಾರಿ ಎಂಬ ಮಾತೇ ಇದೆ. ಆತ ಜಾಗಟೆಯ ಪೆಟ್ಟಿನಿಂದಲೋ, ಮುಂದಿನ ಪದ್ಯವನ್ನು ಎತ್ತಿಕೊಳ್ಳುವುದರಿಂದಲೋ ವೇಷಗಳನ್ನು ಹಿಡಿತದಲ್ಲಿಡಬೇಕು. ಹೀಗಾಗಿ ಇಬ್ಬರು ಕಲಾವಿದರ ನಡುವಿನ ಸಂಬಂಧ, ಅದರಲ್ಲಿಯ ಔದಾರ್ಯ, ಮತ್ಸರ, ಹಠ, ಸ್ನೇಹ, ಎಲ್ಲವೂ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಅದೇ ಆಟದ ಮೈ. ಆದ್ದರಿಂದ ವೇಷಧಾರಿಯ ಸ್ವಭಾವವನ್ನು ಚರ್ಚಿಸುತ್ತಿದ್ದ ಆ ಅಡಿಕೆ ಸುಲಿಯುವವರು ತಮಗೆ ಗೊತ್ತಿಲ್ಲದೆಯೇ ಪ್ರಯೋಗವಿಮರ್ಶೆಯನ್ನು ಮಾಡುತ್ತಿದ್ದರು. ನಿಜವಾಗಿ ನೋಡಿದರೆ ಗೊತ್ತಿಲ್ಲದೆ ಎನ್ನುವುದೂ ತಪ್ಪಾದೀತು. ಮಳೆಗಾಲದಲ್ಲಿ ಮೇಳಗಳು ನಿಂತಾಗ ಈ ಊರುಗಳ ಮನೆಮನೆಗಳಲ್ಲಿ ತಾಳಮದ್ದಲೆ ನಡೆಯುವುದು ರೂಢಿ. ಹರಟೆ ಹೊಡೆಯುವವರಲ್ಲಿ ಅನೇಕರು ಸ್ವತಃ ಅರ್ಥ ಹೇಳಿದವರು. ಎದುರಿನವನು ಕೈಬಿಟ್ಟರೆ ಏನಾಗುವುದೆಂಬುದನ್ನು ಅನುಭವಿಸಿ ಬಲ್ಲವರು. ಸೋಂದೆಯ ಸ್ವರ್ಣವಲ್ಲೀ ಮಠದ ಆಶ್ರಯದಲ್ಲಿ ಯಕ್ಷಶಾಲ್ಮಲಾ ಸಂಸ್ಥೆ ತಾಳಮದ್ದಲೆಯ ಸ್ಪರ್ಧೆಗಳನ್ನೇ ನಡೆಸುತ್ತ ಬಂದಿರುವುದನ್ನು ನೋಡಿದರೆ ಈ ಸೀಮೆಯಲ್ಲಿ ಪ್ರೇಕ್ಷಕನಿಗೂ ಕಲಾವಿದನಿಗೂ ನಡುವೆ ಗೋಡೆ ಎಷ್ಟು ತೆಳುವೆಂಬುದು ತಿಳಿಯುತ್ತದೆ.

ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯ ಇಲ್ಲಿ ನೆನಪಿಗೆ ಬರುತ್ತದೆ. ಪ್ರಯೋಗದ ಸಿದ್ಧಿ ಎರಡು ಬಗೆ ಎಂದು ಅಲ್ಲಿ ಹೇಳಿದೆ. ನೋಡುವವರು ನಗುವುದು, ಭಲೆ ಎನ್ನುವುದು, ಅಯ್ಯೋ ಎನ್ನುವುದು, ಎದ್ದು ನಿಲ್ಲುವುದು, ಬಟ್ಟೆ ಉಂಗುರಗಳನ್ನು ಎಸೆಯುವುದು ಮಾನುಷೀ ಸಿದ್ಧಿ. ರಂಗ ತುಂಬಿದ್ದೂ ಸದ್ದಿಲ್ಲ, ಕ್ಷೋಭೆಯಿಲ್ಲ ಎಂಬ ಸ್ಥಿತಿ ದೈವೀ ಸಿದ್ಧಿ. ಚಿಟ್ಟಾಣಿಯವರ ಭಸ್ಮಾಸುರ ರಂಗಕ್ಕೆ ಬಂದಾಗ ಏಳುತ್ತಿದ್ದ ಸೀಟಿ ಚಪ್ಪಾಳೆಗಳನ್ನೂ ಶಂಭು ಹೆಗಡೆಯವರ ಕರ್ಣ ಮಾತು ನಿಲ್ಲಿಸಿದಾಗಿನ ನಿಶ್ಶಬ್ದವನ್ನೂ ಕಂಡವರಿಗೆ ಭರತನು ಎರಡನ್ನೂ ಸಿದ್ಧಿಯೆಂದೇ ಕರೆದಿರುವುದು ಸಮಾಧಾನದ ಸಂಗತಿ. ವಾದ ಹುಟ್ಟಿದಾಗ ತೀರ್ಮಾನಿಸಲು ಪ್ರಾಶ್ನಿಕರು ಬೇಕೆಂದು ಹೇಳಿ ಆತ ಕೊಡುವ ಪಟ್ಟಿಯಂತೂ ಸ್ವಾರಸ್ಯವಾಗಿದೆ. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ರಾಜ, ಬಿಲ್ಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಹೀಗೆ ಹತ್ತು ಮಂದಿ. ಶೃಂಗಾರದ ವಿಷಯದಲ್ಲಿ ವೇಶ್ಯೆಯ ಮಾತೇ ಪ್ರಮಾಣ. ಚಿಟ್ಟಾಣಿಯವರ ಕೀಚಕನ ಶೃಂಗಾರ ಅತಿಯಾಯಿತೇ ಎಂದು ವಾದಿಸುತ್ತಿದ್ದ ನಮ್ಮ ಭಟ್ಟರು ಹೆಗಡೆಯವರು ಭರತನ ಲೆಕ್ಕದಲ್ಲಿ ಅಧಿಕಾರಿಗಳೇ ಅಲ್ಲ!

ಹಣದ ಮಾತು ಹೇಗೆ ಬಂತೆಂಬುದಕ್ಕೆ ಇತಿಹಾಸವಿದೆ. ಹಿಂದೆ ಜನ ಮೇಳದ ಹೆಸರು ಹೇಳುತ್ತಿದ್ದರು; ಕರ್ಕಿಯವರ ಆಟ, ಇಡಗುಂಜಿಯವರ ಆಟ ಎಂದು. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನಾಡುವ ಜೋಡಾಟದಲ್ಲಿ ಕೂಡ ಗೆಲ್ಲುತ್ತಿದ್ದುದು ಅಥವಾ ಸೋಲುತ್ತಿದ್ದುದು ಮೇಳ. ಡೇರೆ ಬಂದು, ಟಿಕೇಟು ಬಂದ ಮೇಲೆ ಅಮೃತೇಶ್ವರಿ, ಸಾಲಿಗ್ರಾಮದಂಥ ಮೇಳಗಳ ಯಜಮಾನರು ದಿನದಿನದ ಕಲೆಕ್ಷನ್ನಿನ ಮೇಲೆ ಬದುಕಬೇಕಾಯಿತು. ಆಗ ಕರಪತ್ರದಲ್ಲಿ ವೇಷಧಾರಿಯ ಹೆಸರು ದಪ್ಪಕ್ಷರಕ್ಕೆ ಏರಿತು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ ಹಾಡಿಗಾಗಿಯೇ ಜನ ಮುಗಿಬೀಳುತ್ತಿದ್ದರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬುವ ಹೊತ್ತು. ಹೆಸರಿದ್ದವನನ್ನು ಇನ್ನೊಂದು ಮೇಳ ಕರೆಯುವುದು, ಅವನು ಹೋಗುವುದು ಆರಂಭವಾಯಿತು. ಮೇಳ ಬದಲಿಸಿದವನನ್ನು ಹಣದಾಸೆಯವನೆಂದು ಜಗುಲಿಯ ಮೇಲೆ ಕುಳಿತವರು ಜರೆದರು. ಮಳೆಗಾಲದ ತಿಂಗಳುಗಳಲ್ಲಿ ಸಂಬಳವಿಲ್ಲದ, ಮೊಣಕಾಲು ಸವೆದ ಮೇಲೆ ಕೇಳುವವರಿಲ್ಲದ ಕಸುಬು ಅದು. ಅಡಿಕೆಯ ಧಾರಣೆ ನಾಲ್ಕು ಕಾಸು ಏರಲೆಂದು ಚಾಲಿಯನ್ನು ಅಟ್ಟದ ಮೇಲಿಟ್ಟು ಕಾಯುವ ನಾವು, ವೇಷಧಾರಿಯ ಮುಂಗಡದ ಲೆಕ್ಕ ಹಾಕಿದ್ದು ನ್ಯಾಯವೆನಿಸುವುದಿಲ್ಲ.

ಮರಾಠಿ ರಂಗಭೂಮಿಯಲ್ಲಿಯೂ ಇಂಥದೇ ಒಂದು ಪಕ್ಷಕಟ್ಟು ಇತ್ತು. ಬಾಲಗಂಧರ್ವರ ಕಡೆಯವರು, ಕೇಶವರಾವ್ ಭೋಸಲೆಯವರ ಕಡೆಯವರು ಎಂದು ಜನ ಎರಡಾಗಿದ್ದ ಕಾಲದಲ್ಲಿ 1921ರ ಜುಲೈ 8ರಂದು ಮುಂಬಯಿಯಲ್ಲಿ ಅವರಿಬ್ಬರೂ ಕೂಡಿ ತಿಲಕ್ ಸ್ವರಾಜ್ಯ ನಿಧಿಗಾಗಿ 'ಮಾನಾಪಮಾನ'ವನ್ನು ಆಡಿದರು. ಮರಾಠಿಗರು ಆ ರಾತ್ರಿಯನ್ನು ತಮ್ಮ ಇತಿಹಾಸದಲ್ಲಿ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಎರಡು ಮೇಳದವರು ಒಂದೇ ರಂಗದಲ್ಲಿ ಕೂಡಿ ಆಡುವ ಕೂಡಾಟ ಎಷ್ಟೋ ಆಗಿವೆ. ಬರೆದುಕೊಳ್ಳುವ ಅಭ್ಯಾಸ ಮಾತ್ರ ನಮಗಿಲ್ಲ.

ನನಗೆ ಕಾಣುವಂತೆ ಎರಡು ಪಕ್ಷದವರೂ ಒಂದು ಕಡೆ ಕುರುಡರಾಗಿದ್ದರು. ಜೊತೆಯವರನ್ನು ಕುರಿತು ಅಷ್ಟು ಮಾತನಾಡಿದರೂ ಜೊತೆಯವರ ಕಡೆಗೆ ನೋಡಿದ್ದು ಕಡಿಮೆ. ಕೆರೆಮನೆಯ ಆಟ ಕಟ್ಟಿಕೊಂಡು ನಿಲ್ಲುತ್ತಿದ್ದುದರಲ್ಲಿ ಶಿರಸಿ ತಾಲೂಕಿನ ನೆಬ್ಬೂರು ನಾರಾಯಣ ಭಾಗವತರ ಪಾಲು ಎಷ್ಟು? ಸ್ತ್ರೀವೇಷ ಮಾಡುತ್ತಿದ್ದ ಗಜಾನನ ಹೆಗಡೆಯವರ ಪಾಲು ಎಷ್ಟು? ಅಣ್ಣನ ಅಳತೆ ತಿಳಿದ ತಮ್ಮ ಎದುರಿಗಿದ್ದದ್ದು, ವೇಷದ ಉಸಿರು ಬಲ್ಲ ಭಾಗವತ ಹಿಂದೆ ಇದ್ದದ್ದು ಶಂಭು ಹೆಗಡೆಯವರ ಸಂಯಮಕ್ಕೆ ಎಷ್ಟು ಬಲ ಕೊಟ್ಟಿರಬೇಕು! ಮನೆಯ ಮೇಳವಿದ್ದವನ ಸಂಯಮವನ್ನೂ, ಊರೂರಿನ ಮೇಳಗಳಲ್ಲಿ ಹೊಸ ಹೊಸ ಜೊತೆಯವರೊಂದಿಗೆ ಆಡಬೇಕಾದವನ ಆವೇಶವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದು ಈ ವಾದದ ದೊಡ್ಡ ಕೊರತೆ. ಜೊತೆಗೆ ಯಾರು ನಿಂತಾರೆಂಬ ಭರವಸೆಯಿಲ್ಲದವನು ತನ್ನ ಮೈಯನ್ನೇ ನಂಬಬೇಕಾಗುತ್ತದೆ.

ಭಸ್ಮಾಸುರ ಮೋಹಿನಿಯ ಪ್ರಸಂಗವನ್ನೇ ನೋಡಿ. ಚಿಟ್ಟಾಣಿಯವರ ಹೆಸರು ಬೆಳೆದದ್ದು ಅದರಿಂದ. ಜನ ಬಂದದ್ದು ಭಸ್ಮಾಸುರನಿಗಾಗಿ. ಆದರೆ ಕಥೆಯ ನಿಯಮ ಬೇರೆ. ಅಲ್ಲಿ ಮೋಹಿನಿ ಹೆಜ್ಜೆ ಹಾಕಬೇಕು, ಭಸ್ಮಾಸುರ ಅದನ್ನು ಅನುಕರಿಸಬೇಕು; ಅವಳು ತಲೆಯ ಮೇಲೆ ಕೈಯಿಟ್ಟಾಗ ಅವನೂ ಇಟ್ಟು ಸುಟ್ಟು ಬೂದಿಯಾಗಬೇಕು. ಎಂದರೆ ರಂಗದ ಮೇಲಿನ ಅತಿ ದೊಡ್ಡ ವೇಷ ಆ ಹೊತ್ತಿಗೆ ಸ್ತ್ರೀವೇಷದ ಶಿಷ್ಯನಾಗಬೇಕು. ಮೋಹಿನಿಯ ಹೆಜ್ಜೆ ಸಪ್ಪೆಯಾದರೆ ಭಸ್ಮಾಸುರನ ಅನುಕರಣಕ್ಕೆ ಅರ್ಥವಿಲ್ಲ. ಅವನು ಅವಳಿಗಿಂತ ಮುಂದೆ ಹೋದರೆ ಅವಳು ಅವನನ್ನು ಕೊಂದದ್ದಕ್ಕೆ ಅರ್ಥವಿಲ್ಲ. ಅವಳನ್ನು ನೋಡುತ್ತಲೇ ಆತ ತನ್ನ ಅಸುರತನವನ್ನು ಮರೆಯುತ್ತ ಬರುವುದೇ ಆ ಕುಣಿತದ ಪ್ರಾಣ. ಚಿಟ್ಟಾಣಿಯವರು ಜೊತೆಯವರನ್ನು ನುಂಗುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಕುಣಿತದಲ್ಲಿ, ಅವರ ಕಣ್ಣು ಎಲ್ಲಿತ್ತೆಂಬುದರಲ್ಲಿ. ಆ ಕಣ್ಣು ಮೋಹಿನಿಯ ಕಾಲಿನ ಮೇಲಿತ್ತೋ, ಡೇರೆಯ ಕೊನೆಯ ಸಾಲಿನ ಮೇಲಿತ್ತೋ?

ಶಂಭು ಹೆಗಡೆಯವರು 2009ರ ಫೆಬ್ರುವರಿ 3ರಂದು ಇಡಗುಂಜಿಯಲ್ಲಿ ಆಟದ ನಡುವೆಯೇ ಅಸ್ವಸ್ಥರಾಗಿ ತೀರಿಕೊಂಡರು. ಅದೇ ವರ್ಷ ಮಹಾಬಲ ಹೆಗಡೆಯವರೂ ಹೋದರು. ಎಂಬತ್ತು ದಾಟಿದ ಮೇಲೂ ವೇಷ ಕಟ್ಟುತ್ತಿದ್ದ ಚಿಟ್ಟಾಣಿಯವರು 2017ರ ಅಕ್ಟೋಬರ್ 3ರಂದು, ನೆಬ್ಬೂರು ಭಾಗವತರು 2019ರಲ್ಲಿ ಕಾಲವಾದರು. ಈಗ ಜಗುಲಿಯಲ್ಲಿ ವಾದವಿಲ್ಲ. ಇಬ್ಬರೂ ದೊಡ್ಡವರೆಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಅಡಿಕೆ ಸುಲಿಯಲು ಯಂತ್ರ ಬಂದಿದೆ. ಆಟ ನೋಡದ ಹುಡುಗರೂ ಮೊಬೈಲಿನಲ್ಲಿ ಚಿಟ್ಟಾಣಿಯವರ ಭಸ್ಮಾಸುರನನ್ನು ನೋಡುತ್ತಾರೆ. ಎರಡು ಮೂರು ನಿಮಿಷದ ತುಣುಕುಗಳು. ಚಿತ್ರ ಹಿಡಿದವರು ಭಸ್ಮಾಸುರನ ಮೇಲೆಯೇ ಕಣ್ಣಿಟ್ಟು ಹಿಡಿದವುಗಳು. ಅವನು ಯಾರದೋ ಹೆಜ್ಜೆಯನ್ನು ನೋಡಿ ನೋಡಿ ಕುಣಿಯುತ್ತಾನೆ. ಆ ಹೆಜ್ಜೆಯವಳು ಮಾತ್ರ ಚೌಕಟ್ಟಿನ ಹೊರಗಿದ್ದಾಳೆ. ಆಗೊಮ್ಮೆ ಈಗೊಮ್ಮೆ ಸೀರೆಯ ಅಂಚೋ ಬಳೆಯ ಕೈಯೋ ಕಂಡು ಮರೆಯಾಗುತ್ತದೆ. ಆ ರಾತ್ರಿ ಮೋಹಿನಿ ಯಾರಾಗಿದ್ದರೆಂದು ಕೇಳಿದರೆ ಹೇಳಬಲ್ಲ ಹಿರಿಯರು ಶಿರಸಿ ಸಿದ್ದಾಪುರದ ಕಡೆ ಇನ್ನೂ ಕೆಲವರಾದರೂ ಇದ್ದಾರು.